ಹಾಲೇಶನ ಅರಿಶಿನ ಮೋರೆಯ ಮಹಜರು

ಭಾನುವಾರ ಬೆಳಿಗ್ಗೆ ತಿಂಡಿ ಮುಗಿದ ಮೇಲೆ, ಶಿಕಾರಿಪುರದ ನಮ್ಮ ಮನೆಯ ಬಚ್ಚಲ ಹೊಸ್ತಿಲ ಹೊರಗೆ, ನೀರಿನ ಡ್ರಮ್ಮಿಗೆ ಬೆನ್ನು ಕೊಟ್ಟು, ಎಡಗೈಯಲ್ಲಿ ಟವೆಲ್ ಹಿಡಿದುಕೊಂಡು ನಾನು ನಿಂತಿದ್ದೆ. ಬೆಳಕು ಚೆನ್ನಾಗಿತ್ತು. ಕನ್ನಡಕ ಮೂಗಿನ ಮೇಲೇ ಇತ್ತು. ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನದನ್ನು ಕೇಳಿದವರೆಲ್ಲ ‘ನಿಮಗೆ ಸರಿಯಾಗಿ ಕಂಡಿರಲಿಕ್ಕಿಲ್ಲ ಬಿಡಿ’ ಎನ್ನುತ್ತಾರೆ. ಜಮೀನು ಅಳೆಯುವುದು ನನ್ನ ಉದ್ಯೋಗ. ಬದುವಿನ ಆಚೆಯವರೂ ಈಚೆಯವರೂ ಕುಡುಗೋಲು ಹಿಡಿದು ಕೂಗಾಡುವಾಗಲೂ ಕಂಡದ್ದನ್ನು ಕಂಡ ಹಾಗೆ ಮಹಜರು ಬರೆದವನು ನಾನು. ಅಂದು ಬಚ್ಚಲಲ್ಲಿ ಕಂಡದ್ದನ್ನೂ ಹಾಗೆಯೇ ಬರೆಯುತ್ತಿದ್ದೇನೆ.

ಬಚ್ಚಲೊಳಗೆ ಇದ್ದವನು ನನ್ನ ಹೆಂಡತಿ ಸುಮಿತ್ರಳ ತಮ್ಮ ಹಾಲೇಶ. ಸೊರಬದ ಕಡೆಯವನು. ಭತ್ತ, ಶುಂಠಿ ಬೆಳೆಯುತ್ತಾನೆ, ಟ್ರ್ಯಾಕ್ಟರ್ ಇಟ್ಟಿದ್ದಾನೆ, ಒಳ್ಳೆಯವನು. ಆದರೂ ಹೆಣ್ಣು ಸಿಕ್ಕಿರಲಿಲ್ಲ. ಹೋದ ಮನೆಯವರೆಲ್ಲ ಉಪ್ಪಿಟ್ಟು ಕೊಟ್ಟು, ಊರು ಕೇರಿ ವಿಚಾರಿಸಿ, ‘ನಮ್ಮ ಹುಡುಗಿ ನೌಕರಿಯವನೇ ಬೇಕು ಅಂತಾಳೆ’ ಎಂದು ಕಳಿಸುತ್ತಿದ್ದರು. ಉಪ್ಪಿಟ್ಟು ಕಂಡರೆ ಅವನ ಮುಖ ಬಾಡುವಷ್ಟಾಗಿತ್ತು. ಅಂದು ಮಧ್ಯಾಹ್ನ ತೊಗರ್ಸಿಯಲ್ಲಿ ಹೈಸ್ಕೂಲಿಗೆ ವಿಜ್ಞಾನ ಹೇಳುವ ಕವಿತಾ ಎಂಬ ಹುಡುಗಿಯನ್ನು ನೋಡುವುದಿತ್ತು. ‘ಇದೊಂದು ನೋಡ್ತೀನಿ ಅಕ್ಕ, ಆಗದಿದ್ರೆ ಇನ್ನು ನನ್ನ ಕರೀಬೇಡ’ ಎಂದು ಹೇಳಿಯೇ ಬಂದಿದ್ದ. ಅವನು ತಮಾಷೆಗೆ ಹೇಳಿದ್ದಲ್ಲ ಎಂಬುದು ಸುಮಿತ್ರಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಸುಮಿತ್ರಳಿಗೆ ಸಮಸ್ಯೆಯೆಲ್ಲ ತಮ್ಮನ ಬಣ್ಣದಲ್ಲಿ ಕಂಡಿತು. ಅವಳು ಕೆಲವು ತಿಂಗಳಿಂದ ಮೊಬೈಲಿನಲ್ಲಿ ಅಡುಗೆಮನೆಯ ಸಾಮಾನಿನಿಂದ ಮುಖ ಬೆಳಗಿಸುವ ವಿಡಿಯೋ ನೋಡುತ್ತಿದ್ದಳು. ನಮ್ಮ ಮನೆಯಲ್ಲಿ ಸೌತೆಕಾಯಿ ಕೋಸಂಬರಿಗೆ ಉಳಿಯುತ್ತಿರಲಿಲ್ಲ, ಮೊಸರಿನ ಕೆನೆ ನನ್ನ ತಟ್ಟೆಗೆ ಬಾರದೆ ಅವಳ ಕೆನ್ನೆಗೆ ಹೋಗುತ್ತಿತ್ತು. ಒಮ್ಮೆ ಕಾಫಿಪುಡಿಗೂ ಇದೇ ಗತಿಯಾದಾಗ ನಾನು ಸ್ವಲ್ಪ ಏರಿದ ದನಿಯಲ್ಲಿ ಮಾತಾಡಿದ್ದುಂಟು. ಅಂದು ಕಡಲೆಹಿಟ್ಟು, ಮೊಸರು, ಅರಿಶಿನ ಕಲಸಿದಳು. ವಿಡಿಯೋದವಳು ಅರಿಶಿನ ಒಂದು ಚಿಟಿಕೆ ಎಂದದ್ದನ್ನು ನಾನೂ ಕೇಳಿಸಿಕೊಂಡಿದ್ದೇನೆ. ಆದರೆ ಸುಮಿತ್ರಳ ಕೈ ಕೂಡುಕುಟುಂಬದಲ್ಲಿ ಪಳಗಿದ ಕೈ, ಚಿಟಿಕೆಯ ಅಭ್ಯಾಸ ಅದಕ್ಕಿಲ್ಲ. ಅರಿಶಿನವೂ ಪೇಟೆಯದಲ್ಲ, ಹಾಲೇಶ ತನ್ನ ಹಿತ್ತಿಲಲ್ಲೇ ಬೆಳೆದು, ಬೇಯಿಸಿ, ಒಣಗಿಸಿ, ಮಿಲ್ಲಿನಲ್ಲಿ ಪುಡಿ ಮಾಡಿಸಿ ಅಕ್ಕನಿಗೆಂದು ತಂದದ್ದು. ದಪ್ಪಗೆ ಬಳಿಸಿಕೊಂಡವನು ಫ್ಯಾನಿನ ಕೆಳಗೆ ಒರಗಿ ನಿದ್ದೆ ಹೋದ. ಬಟ್ಟಲಿನಲ್ಲಿ ಒಂದಿಷ್ಟು ಉಳಿದಿತ್ತು. ಅದೇನಾಯಿತು ಎಂಬುದು ಈ ಹಂತದಲ್ಲಿ ಅಗತ್ಯವಿಲ್ಲ.

ಎದ್ದು ಬಚ್ಚಲಿಗೆ ಹೋದವನು ‘ಭಾವ, ಸೋಪು ಇಲ್ವಲ್ಲ’ ಎಂದು ಕೂಗಿದ. ಮೈಸೋಪು ಮುಗಿದಿತ್ತು. ಒಗೆಯುವ ಕಲ್ಲಿನ ಮೇಲಿದ್ದ ಬಟ್ಟೆ ಸೋಪಿನ ತುಂಡನ್ನು ನಾನೇ ಕೊಟ್ಟೆ. ಕಣ್ಣು ಮುಚ್ಚಿಕೊಂಡು ಎರಡೂ ಕೈಯಲ್ಲಿ ಉಜ್ಜಿದ. ನಾನು ನೋಡುತ್ತಿದ್ದ ಹಾಗೆಯೇ ಅವನ ಮುಖ ಕೆಂಪಾಯಿತು. ನಾಚಿದ ಕೆಂಪಲ್ಲ, ಆರತಿ ತಟ್ಟೆಯ ನೀರಿನ ಕೆಂಪು. ಗಲ್ಲದಿಂದ ಎದೆಗೆ, ಎದೆಯಿಂದ ಬಚ್ಚಲ ಕಲ್ಲಿಗೆ ಕೆಂಪಗೆ ಇಳಿಯಿತು. ಅವನು ಕಣ್ಣು ಮುಚ್ಚಿಕೊಂಡೇ ಆಸೆಯಿಂದ ಕೇಳಿದ, ‘ಎಂತಾತು ಭಾವ, ಬೆಳ್ಳಗಾದ್ನಾ?’

‘ಸುಮಿತ್ರಾ, ನಿನ್ನ ತಮ್ಮನ ಚರ್ಮ ಹೋಯ್ತು!’ ಎಂದದ್ದು ನಾನೇ ಎಂದು ಆಮೇಲೆ ತಿಳಿಯಿತು. ಓಡಿ ಬಂದ ಸುಮಿತ್ರ ನೋಡಿ, ಗೋಡೆ ಹಿಡಿದು ಕೂತಳು. ಕನ್ನಡಿ ಕೊಟ್ಟಾಗ ಹಾಲೇಶ ಒಂದೇ ಮಾತು ಅಂದ, ‘ಹೆಣ್ಣು ಹೋತು.’ ಅದು ರಕ್ತವಲ್ಲ, ನೋವೂ ಇಲ್ಲ ಎಂದು ಖಾತ್ರಿಯಾದ ಮೇಲೆ ಇನ್ನೊಮ್ಮೆ ಸೋಪು ಹಚ್ಚಿದೆವು, ಕೆಂಪು ಇನ್ನೂ ಏರಿತು. ನಿಂಬೆಹಣ್ಣು ಹಿಂಡಿದೆವು, ಕೆಂಪು ಹೋಗಿ ಮತ್ತೆ ಹಳದಿಯಾಯಿತು. ಹಳದಿಯಿಂದ ಮುಂದಕ್ಕೆ ಏನು ಮಾಡಿದರೂ ಹೋಗಲಿಲ್ಲ. ಗಲ್ಲದ ಕೆಳಗೆ ಹದ್ದುಬಸ್ತು ಮಾಡಿ ಕಲ್ಲು ನೆಟ್ಟ ಹಾಗೆ ಹಳದಿ ಮುಗಿದು ಹಾಲೇಶ ಶುರುವಾಗುತ್ತಿದ್ದ. ತೊಗರ್ಸಿಗೆ ಹೋಗುವುದು ಬೇಡವೆಂದರೆ ಮೊದಲನೆಯ ಸಲವೇ ಮಾತು ತಪ್ಪಿದಂತೆ. ಕೆಂಪೋ ಹಳದಿಯೋ ಎಂದು ಯೋಚಿಸಿ, ಹಳದಿಯಲ್ಲೇ ಹೊರಟೆವು.

ತೊಗರ್ಸಿಯ ಆ ಮನೆಯ ಪಡಸಾಲೆಯಲ್ಲಿ ನಾವು ಮೂವರೂ ಬೆಂಚಿನ ಮೇಲೆ ಕೂತೆವು. ಕವಿತಾ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಳು. ಅವಳ ಅಜ್ಜಿ ಬಾಗಿಲ ಪಕ್ಕದಿಂದ ಹಾಲೇಶನನ್ನೇ ನೋಡುತ್ತಿದ್ದವರು ಎದ್ದು ಬಂದು ಮೊಮ್ಮಗಳ ಕೈ ಹಿಡಿದರು.

‘ತಟ್ಟಿ ಇಡಬ್ಯಾಡ ತಡಿ. ಏನ್ರೀ, ಈ ಹುಡುಗಂಗೆ ಅರಿಶಿಣ ಶಾಸ್ತ್ರ ಆಗೇತಿ!’

ನಮ್ಮ ಕಡೆ ಮದುವೆ ಗೊತ್ತಾದ ಮೇಲೆ ಗಂಡಿಗೆ ಅರಿಶಿನ ಹಚ್ಚುತ್ತಾರೆ, ಹಚ್ಚಿಸಿಕೊಂಡ ಗಂಡು ಹೊಸ್ತಿಲು ದಾಟುವಂತಿಲ್ಲ. ಇದು ನಮಗೆ ಮೂವರಿಗೂ ಗೊತ್ತಿತ್ತು. ದಾರಿಯುದ್ದಕ್ಕೂ ಮೂವರಿಗೂ ಹೊಳೆದಿರಲಿಲ್ಲ.

‘ಅಲ್ಲಿ ಒಂದ್ ಹೆಣ್ಣಿಗೆ ಅರಿಶಿಣ ಹಚ್ಚಿಸ್ಕಂಡು ಇಲ್ಲಿ ಇನ್ನೊಂದ್ ನೋಡಾಕ ಬಂದೀರೇನ್ರೀ? ಮರ್ಯಾದಸ್ತರ ಮನಿ ಇದು!’ ಎಂದರು ಅಜ್ಜಿ.

ಹುಡುಗಿಯ ಅಪ್ಪ ಎದ್ದು ನಿಂತರು. ಸುಮಿತ್ರ ‘ಅಯ್ಯೋ, ಅದು ವಿಡಿಯೋದ್ದು ಅಜ್ಜಿ’ ಎಂದಳು. ಅಜ್ಜಿಗೆ ಅದು ಇನ್ನೂ ಕೆಟ್ಟದಾಗಿ ಕೇಳಿಸಿತು: ‘ವಿಡಿಯೋ ಬ್ಯಾರೆ ತಗಸ್ಯಾರೆ!’

ಮಹಜರು ಬರೆದವನಲ್ಲವೇ, ನಾನು ಎದ್ದು ಎಲ್ಲವನ್ನೂ ಇದ್ದ ಹಾಗೆ ಹೇಳಿದೆ. ಕಡಲೆಹಿಟ್ಟು, ಫ್ಯಾನು, ಸೋಪು, ನಿಂಬೆಹಣ್ಣು. ಯಾರೂ ನಂಬಿದ ಹಾಗೆ ಕಾಣಲಿಲ್ಲ. ಅಜ್ಜಿ ಮಾತ್ರ ನನ್ನ ಹತ್ತಿರ ಬಂದು, ಕತ್ತು ವಾಲಿಸಿ, ನನ್ನ ಕಿವಿಯ ಹಿಂದೆ ನೋಡಿದರು.

‘ನಿಮ್ ಕಿವಿ ಹಿಂದೂ ಐತಲ್ರೀ ಅರಿಶಿಣ! ಈ ವಯಸ್ಸಿನಾಗ ನಿಮ್ಗೆಲ್ಲಿ ಮದ್ವಿ ಗೊತ್ತಾತು?’

ಬಟ್ಟಲಿನಲ್ಲಿ ಉಳಿದದ್ದು ವ್ಯರ್ಥವಾಗಬಾರದೆಂದು ನಾನು ಬಾಗಿಲು ಹಾಕಿಕೊಂಡು ಹಚ್ಚಿದ್ದೆ. ಬೇಗ ತೊಳೆದದ್ದರಿಂದ ಮುಖ ಉಳಿಯಿತು, ಕಿವಿಯ ಹಿಂದಕ್ಕೆ ಕೈ ಹೋಗಿರಲಿಲ್ಲ. ಸುಮಿತ್ರ ನನ್ನತ್ತ ತಿರುಗಿ ನೋಡಿದ ನೋಟವನ್ನು ಬಣ್ಣಿಸಲಾರೆ. ಮೊದಲು ನಕ್ಕವಳು ಕವಿತಾ. ತಟ್ಟೆ ಕೆಳಗಿಟ್ಟು, ಸೆರಗು ಬಾಯಿಗೆ ಹಿಡಿದು ನಕ್ಕಳು. ಆಮೇಲೆ ಅಪ್ಪನೂ ಕೂತರು.

‘ಅಜ್ಜಿ, ಇವ್ರು ಹೇಳಿದ್ದು ಖರೇನೇ ಐತಿ. ಸೋಪು ಬಿದ್ರೆ ಅರಿಶಿಣ ಕೆಂಪಗಾಕ್ಕೇತಿ, ನಿಂಬಿಹಣ್ಣಿಗೆ ತಿರುಗಿ ಹಳದಿ ಬರ್ತೈತಿ. ಮಕ್ಕಳಿಗೆ ಪಾಠ ಮಾಡ್ತೀನಿ ನಾನು’ ಎಂದು ಹೇಳಿ ಹಾಲೇಶನನ್ನು ಕೇಳಿದಳು, ‘ನೀವ್ಯಾಕ್ ಹಚ್ಚಿಸ್ಕಂಡ್ರಿ?’

‘ಗದ್ದೇಲಿ ಕಪ್ಪಾಗಿದೀನಿ ಅಂದ್ಲು ಅಕ್ಕ. ಎಂತ ಮಾಡೂದು, ಕೂತೆ’ ಎಂದ ಹಾಲೇಶ, ತಲೆ ಎತ್ತದೆ.

‘ಕಪ್ಪಗೇ ಬರ್ಬೇಕಿತ್ತು. ಇದು ಹೋದ್ ಮ್ಯಾಲೆ ಇನ್ನೊಂದ್ ಸಲ ಬರ್ರಿ. ನಿಮ್ಮನ್ನ ನೋಡೇ ಇಲ್ಲಲ್ಲ ನಾನು.’

ಹಾಲೇಶ ಅಂದು ಉಪ್ಪಿಟ್ಟು ಎರಡನೇ ಸಲ ಹಾಕಿಸಿಕೊಂಡ. ಬಣ್ಣ ಹೋದ ಮೇಲೆ ಒಬ್ಬನೇ ಹೋಗಿ ಬಂದ. ಮದುವೆಯಲ್ಲಿ ಅವನಿಗೆ ಶಾಸ್ತ್ರಕ್ಕೆಂದು ಅರಿಶಿನ ಹಚ್ಚುವಾಗ ಸುಮಿತ್ರಳನ್ನು ಹತ್ತಿರ ಬಿಡಲಿಲ್ಲ, ಸೋಪಿನ ಹತ್ತಿರ ನನ್ನನ್ನು ಬಿಡಲಿಲ್ಲ.

ಇಷ್ಟು ನಾನು ಕಂಡದ್ದು. ಬಚ್ಚಲಲ್ಲಿ ನನ್ನ ಜೊತೆ ಕಂಡ ಸಾಕ್ಷಿ ಸುಮಿತ್ರ, ಆರೋಗ್ಯವಾಗಿದ್ದಾಳೆ, ಅಂದಿನಿಂದ ಬಟ್ಟಲನ್ನು ಕೂಡಲೇ ತೊಳೆದಿಡುತ್ತಾಳೆ. ಹಾಲೇಶ, ಕವಿತಾ ಸೊರಬದಲ್ಲಿದ್ದಾರೆ, ಕೇಳಿದರೆ ಹೇಳುತ್ತಾರೆ. ಕವಿತಾಳ ಅಪ್ಪ ತೊಗರ್ಸಿಯಲ್ಲಿದ್ದಾರೆ. ಅಜ್ಜಿಯೂ ಇದ್ದಾರೆ. ಕಣ್ಣು ಮಂಜಾಗಿದೆ, ನನ್ನನ್ನು ದನಿಯಲ್ಲೇ ಗುರುತಿಸುತ್ತಾರೆ. ಹೋದಾಗಲೆಲ್ಲ ಹತ್ತಿರ ಕರೆದು, ನನ್ನ ಕಿವಿಯ ಹಿಂದೆ ಬೆರಳಾಡಿಸಿ, ಮನೆಯವರೆಲ್ಲ ಕೇಳುವ ಹಾಗೆ ವಿಚಾರಿಸುತ್ತಾರೆ: ‘ಆತೇನ್ರೀ ನಿಮ್ ಮದ್ವಿ?’