ನಮ್ಮ ಕಾಕಾನ ಸೀಸದ ಬೇಟೆ

ಇಡೀ ಲಂಡನ್ನಿನಲ್ಲಿ ಯಾರ ಮನೆಯ ಸೂರು ಸೋರಿದರೂ ಮನಸಾರೆ ಖುಷಿಪಡುವ ಮನುಷ್ಯ ಒಬ್ಬರೇ ಒಬ್ಬರು. ನಮ್ಮ ಕಾಕಾ! ಹಾಗಂತ ಕೆಟ್ಟವರು ಅಂದುಕೊಳ್ಳಬೇಡಿ. ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗುವ ಜೀವ ಅದು. ಆದರೆ ಸೂರು ಸೋರಿದರೆ ರಿಪೇರಿಯವರು ಬರುತ್ತಾರೆ. ಅವರು ಬಂದರೆ ಚಿಮಣಿಯ ಬುಡಕ್ಕೆ ಹೊದಿಸಿದ ಹಳೆಯ ಸೀಸದ ತಗಡನ್ನು ಕಿತ್ತು ಕೆಳಗೆ ಹಾಕುತ್ತಾರೆ. ಕೆಳಗೆ ನಮ್ಮ ಕಾಕಾ ನಿಂತಿರುತ್ತಾರೆ! ಆ ಸೀಸ ಮನೆಗೆ ಬಂದು, ಹಿತ್ತಲಿನ ಶೆಡ್ಡಿನಲ್ಲಿ ಕರಗಿ, ಬಂದೂಕಿನ ಗುಂಡಾಗುತ್ತದೆ.

ಗಾಬರಿ ಬೇಡ. ಕಾಕಾ ಯಾರನ್ನೂ ಕೊಲ್ಲುವವರಲ್ಲ. ಧಾರವಾಡದಿಂದ ಬಂದು ಲಂಡನ್ನಿನ ಅಂಚಿನ ಎಜ್‌ವೇರ್‌ನಲ್ಲಿ ಮನೆ ಮಾಡಿ, ರೈಲ್ವೆ ಸಿಗ್ನಲ್ ರಿಪೇರಿಯಲ್ಲೇ ಆಯುಷ್ಯ ಸವೆಸಿ ನಿವೃತ್ತರಾದರು. ನಿವೃತ್ತರಾದ ಮೇಲೆ ಬೇರೆಯವರು ಏನು ಮಾಡುತ್ತಾರೆ? ಕನ್ನಡ ಸಂಘದ ಕಮಿಟಿಗೆ ಸೇರಿ ಜಗಳ ಆಡುತ್ತಾರೆ. ಇವರು ಊರಾಚೆಯ ಒಂದು ಹಳೇ ಬಂದೂಕಿನ ಕ್ಲಬ್ಬಿಗೆ ಸೇರಿಬಿಟ್ಟರು! ಬಾಯಿಂದ ಮದ್ದು ತುಂಬುವ, ಅಜ್ಜನ ಕಾಲದ್ದೂ ಅಲ್ಲ, ಅಜ್ಜನ ಅಜ್ಜನ ಕಾಲದ ಬಂದೂಕು. ಪೊಲೀಸರ ಲೈಸೆನ್ಸು, ಗೋಡೆಗೆ ಬಿಗಿದ ಉಕ್ಕಿನ ಬೀರು, ಎಲ್ಲ ಕಾನೂನು ಪ್ರಕಾರ. ಹೊಡೆಯುವುದು ಕಾಗದದ ಮೇಲಿನ ಕಪ್ಪು ಚುಕ್ಕೆಗೆ. ಆ ಚುಕ್ಕೆಗೂ ಇವರಿಂದ ಇದುವರೆಗೆ ಅಂಥ ತೊಂದರೆಯೇನೂ ಆಗಿಲ್ಲ.

ನಾನು ಆಸ್ಪತ್ರೆಯ ಲ್ಯಾಬಿನ ಕೆಲಸಕ್ಕೆಂದು ಇಲ್ಲಿಗೆ ಬಂದಾಗಿನಿಂದ ನಾನೂ ನನ್ನ ಗಂಡನೂ ಕಾಕಾ-ಕಾಕೂ ಮನೆಯ ಮಾಳಿಗೆಯಲ್ಲೇ ಇದ್ದೇವೆ. ಬಾಡಿಗೆ ಕೊಡುತ್ತೇವೆ ಅಂದರೆ ಕಾಕಾಗೆ ಸಿಟ್ಟು. "ಬಾಡಿಗಿ ಯಾರಿಗೆ ಬೇಕ? ನೀ ಗಾಡಿ ಹೊಡಿ, ಸಾಕು" ಅಂದಿದ್ದರು. ಕಾಕಾನ ಕೈಯಲ್ಲಿ ಸ್ಟೀರಿಂಗ್ ಕೊಡುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಅವರ ಕಣ್ಣು ರಸ್ತೆಯ ಮೇಲೆ ಇದ್ದರೆ ತಾನೆ? ಅದು ಎರಡೂ ಬದಿಯ ಸೂರುಗಳ ಮೇಲೆ! ಹೀಗೆ ನಾನು ಸೀಸದ ಸಾರಥಿಯಾದೆ.

ಅಂಗಡಿಯಲ್ಲಿ ಗುಂಡು ಸಿಗುವುದಿಲ್ಲವೇ ಅಂತ ಒಮ್ಮೆ ಕೇಳಿ ನೋಡಿದೆ.

"ಸಿಗ್ತಾವ. ಅಂಗಡ್ಯಾಗ ಚಪಾತಿನೂ ಸಿಗ್ತಾವ. ನಿಮ್ಮ ಕಾಕೂ ಮುಂದ ಹೋಗಿ ಹೇಳು ನೋಡೋಣು!"

ಆಮೇಲೆ ನಾನು ಕೇಳಲಿಲ್ಲ.

ಈ ವರ್ಷ ಬೇಟೆ ಜೋರಾಗಲು ಕಾರಣವಿತ್ತು. ಮೇ ತಿಂಗಳಲ್ಲಿ ಕ್ಲಬ್ಬಿನ ವಾರ್ಷಿಕ ಸ್ಪರ್ಧೆ. ಅಲ್ಲಿ ಪ್ರತಿ ವರ್ಷ ಗೆಲ್ಲುವವನು ಒಬ್ಬ ಗುಂಡಗಿನ ಇಂಗ್ಲಿಷ್ ಮುದುಕ, ನಿವೃತ್ತ ಪ್ಲಂಬರ್. ಪ್ರತಿ ವರ್ಷ ಕಡೆಯ ಸ್ಥಾನ ಕಾಕಾನದು. ಪ್ಲಂಬರನಿಗೆ ಸೀಸದ ಬರವೇ? ಹಳೇ ಮನೆಗಳಿಂದ ಕಿತ್ತ ಸೀಸದ ನೀರಿನ ಪೈಪುಗಳು ಗ್ಯಾರೇಜಿನ ತುಂಬ! ಶುದ್ಧ, ಮೆತ್ತನೆಯ ಸೀಸ. ಕಾಕಾನ ಬಂದೂಕಿಗೂ ಅದೇ ಬೇಕು. ಬೇರೆ ಲೋಹ ಬೆರೆತ ಗಟ್ಟಿ ಸೀಸವಾದರೆ ಗುಂಡು ತನಗೆ ಬೇಕಾದ ದಿಕ್ಕಿಗೆ ಹೋಗುತ್ತದಂತೆ. ತಾವು ಸೋಲುವುದು ಸೀಸದಿಂದಲೇ ಹೊರತು ಕೈಯಿಂದಲ್ಲ ಎಂಬುದು ಕಾಕಾನ ಸಿದ್ಧಾಂತ. "ಒಂದs ಒಂದು ಸಲ ಅವನ ಮುಂದ ನನ್ನ ಹೆಸರು ಬರ್ಲಿ. ಆಮ್ಯಾಲೆ ಬಂದೂಕು ಗೂಟಕ್ಕ ಹಾಕ್ತೀನಿ" ಎಂದು ದೇವರ ಮುಂದೆ ನಿಂತು ಹೇಳಿದ್ದನ್ನು ನಾನೇ ಕೇಳಿದ್ದೇನೆ. ನಗುತ್ತಾ ಹೇಳಲಿಲ್ಲ. ಕಣ್ಣು ಮುಚ್ಚಿ, ಕೈ ಮುಗಿದು ಹೇಳಿದರು.

ಸರಿ, ಬೇಟೆ ಶುರು! ಮೊದಲು ಟೈರಿನ ಅಂಗಡಿಗಳು. ಚಕ್ರದ ಸಮತೋಲಕ್ಕೆ ಹಚ್ಚುವ ಚಿಕ್ಕ ತೂಕದ ತುಂಡುಗಳು ಸೀಸದವು ಅಂತ ಯಾರೋ ಹೇಳಿದರು. ಒಂದು ಬಕೆಟ್ ತುಂಬ ಹೊತ್ತು ತಂದು ಹಿತ್ತಲಿನಲ್ಲಿ ಕೂತು ಒಂದೊಂದನ್ನೂ ಉಗುರಿನಿಂದ ಗೀರಿ ನೋಡಿದರು. ಸೀಸವಾದರೆ ಗೀರು ಬೀಳಬೇಕು. ಬಿದ್ದದ್ದು ಉಗುರಿಗೆ! ಈಗೆಲ್ಲ ಸತುವು, ಕಬ್ಬಿಣ. ಕಾಕೂ ಬಾಗಿಲಲ್ಲಿ ನಿಂತು, "ಅವರೇಕಾಳು ಸುಲೀರಿ ಅಂದ್ರ ಉಗುರು ನೋಯ್ತಾವ ಅಂತಿದ್ರಿ" ಎಂದು ಒಳಗೆ ಹೋದರು.

ಆಮೇಲೆ ಚರ್ಚಿನ ಪ್ರಸಂಗ. ಇಲ್ಲಿನ ಹಳೇ ಚರ್ಚುಗಳ ಮಾಡಿಗೆಲ್ಲ ಸೀಸದ ಹೊದಿಕೆ. ಅದನ್ನು ಕಳ್ಳರು ಕಿತ್ತುಕೊಂಡು ಹೋಗುವುದೂ ಉಂಟು. ಇದು ಗೊತ್ತಿದ್ದೂ ನಮ್ಮ ಕಾಕಾ ಒಂದು ಚರ್ಚಿನ ಮುಂದೆ ನನಗೆ ಗಾಡಿ ನಿಲ್ಲಿಸಲು ಹೇಳಿ, ಇಳಿದು, ದುರ್ಬೀನು ಹಚ್ಚಿ ಮಾಡನ್ನು ನೋಡುತ್ತಾ ನಿಂತರು! ಪಾದ್ರಿ ಹೊರಗೆ ಬಂದರು. ಏನು ನೋಡುತ್ತಿದ್ದೀರಿ ಅಂತ ಮೆಲ್ಲಗೆ ಕೇಳಿದರು. ಕಾಕಾ ದುರ್ಬೀನು ಇಳಿಸದೆ, "ನಿಮ್ಮ ಸೀಸ ಬಹಳ ಸುಂದರವಾಗಿದೆ" ಎಂದು ಇಂಗ್ಲಿಷಿನಲ್ಲಿ ಹೊಗಳಿದರು. ಪಾದ್ರಿಯ ಕೈ ಫೋನಿಗೆ ಹೋಯಿತು. ನಾನು ಓಡಿ ಹೋಗಿ, ಕ್ಲಬ್ಬು, ಸ್ಪರ್ಧೆ, ಪ್ಲಂಬರ್ ಎಲ್ಲ ಒಂದೇ ಉಸಿರಿಗೆ ಹೇಳಿ ಮಾನ ಉಳಿಸಿದೆ. ಕಾಕಾ ಅಷ್ಟಕ್ಕೇ ಬಿಡಬೇಕಲ್ಲ! ಕಳ್ಳರು ಎಲ್ಲಿಂದ ಹತ್ತಬಹುದು, ಎಲ್ಲಿ ಮುಳ್ಳುತಂತಿ ಕಟ್ಟಬೇಕು ಎಂದು ಚರ್ಚಿನ ಸುತ್ತ ಸುತ್ತಿಸಿ ತೋರಿಸಿದರು. ಕಳ್ಳನಿಗೂ ಅಷ್ಟು ವಿವರ ಹೊಳೆಯಲಿಕ್ಕಿಲ್ಲ. ಪಾದ್ರಿ ಚಹಾ ಕೊಟ್ಟು, ಮೂಲೆಯಲ್ಲಿ ಬಿದ್ದಿದ್ದ ಹಳೇ ಪೈಪಿನ ತುಂಡೊಂದನ್ನು ಕೊಟ್ಟು ಕಳಿಸಿದರು. ಕಾಕಾ ಅದನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಮನೆಯವರೆಗೂ ಬಂದರು.

ಎಲ್ಲಕ್ಕಿಂತ ಹೆಚ್ಚು ಮರ್ಯಾದೆ ಹೋದದ್ದು ಹತ್ತಿರದ ಬಡಾವಣೆ ಕೊಲಿಂಡೇಲಿನಲ್ಲಿ. ಮೈಸೂರಿನ ಎಳೆಯ ಜೋಡಿಯೊಂದು ಹೊಸ ಫ್ಲ್ಯಾಟಿಗೆ ಊಟಕ್ಕೆ ಕರೆದಿತ್ತು. ಆ ಹುಡುಗಿ ಸಾರಿನ ಪಾತ್ರೆ ತಂದು ಟೇಬಲ್ಲಿನ ಮೇಲೆ ಇಟ್ಟಳು. ಮಂಕು ಬೆಳ್ಳಿಯ ಬಣ್ಣ, ಮೈಯೆಲ್ಲ ತಗ್ಗು-ದಿಣ್ಣೆ. ಕಾಕಾ ಸಾರು ಬಡಿಸಿಕೊಳ್ಳಲಿಲ್ಲ. ಪಾತ್ರೆಯನ್ನೇ ನೋಡಿದರು. ಬೆರಳು ಮೆಲ್ಲಗೆ ಮುಂದೆ ಹೋಯಿತು, ಉಗುರಿನಿಂದ ಒಂದು ಗೀರು! ಬಿತ್ತು ಗೀರು!

"ತಂಗೀ, ಇದು ಸೀಸ! ಇದರಾಗ ಸಾರು ಕುಡೀತೀರಿ? ವಿಷ ಅದ!"

"ಅಯ್ಯೋ ಇಲ್ಲ ಅಂಕಲ್, ಇದು ಈಯದ ಪಾತ್ರೆ. ತವರದ್ದು. ನಮ್ಮಜ್ಜಿ ಕೊಟ್ಟಿದ್ದು. ಸಾರನ್ನ ಇದ್ರಲ್ಲೇ ಮಾಡ್ಬೇಕು, ಘಮ ಅಂತಿರತ್ತೆ. ಖಾಲಿ ಪಾತ್ರೆ ಒಲೆ ಮೇಲೆ ಇಟ್ರೆ ಮಾತ್ರ ಕರಗೋಗತ್ತೆ."

"ಕರಗತದ?" ಕಾಕಾನ ಮುಖ ಬೆಳಗಿತು. "ಹಂಗಾರ ಸೀಸನ! ನೀ ಇದನ್ನ ನನಗ ಕೊಡು. ಬದಲಿಗೆ ಹೊಸಾ ಕುಕ್ಕರ್ ಕೊಡಸ್ತೀನಿ. ದೊಡ್ಡದು!"

ಸಾರಿಗೆ ತವರದ ಪಾತ್ರೆ ಇಡುವುದು ಮೈಸೂರಿನ ಕಡೆಯ ಪದ್ಧತಿ. ನಮ್ಮ ಧಾರವಾಡದ ಒಲೆ ಅದನ್ನು ಕಂಡಿಲ್ಲ. ಆದರೆ ಕಾಕಾಗೆ ಹೇಳುವವರು ಯಾರು? ಆ ಹುಡುಗಿ ಅಜ್ಜಿಯ ಪಾತ್ರೆಯನ್ನು ಎರಡೂ ಕೈಯಿಂದ ಅಪ್ಪಿಕೊಂಡು ಅಡಿಗೆಮನೆಗೆ ಹೋದವಳು ಪಾಯಸಕ್ಕೂ ಹೊರಗೆ ಬರಲಿಲ್ಲ. ಪಾಯಸವನ್ನು ಅವಳ ಗಂಡ ಬಡಿಸಿದ, ಸ್ಟೀಲಿನ ಪಾತ್ರೆಯಿಂದ.

ಇಷ್ಟೆಲ್ಲ ಆಗಿ ಏಪ್ರಿಲ್ ಹೊತ್ತಿಗೆ ಶೆಡ್ಡಿನಲ್ಲಿ ಸ್ಪರ್ಧೆಗೆ ಸಾಕಾಗಿ ಮಿಗುವಷ್ಟು ಒಳ್ಳೆಯ ಸೀಸ ಸೇರಿತು. ಆಗಲೇ ನೋಡಿ, ಕಾಕಾಗೆ ಹೊಸ ಹುಚ್ಚು ಹಿಡಿಯಿತು. ಮಡಿ!

ಮಡಿ ಕಾಕೂನ ಇಲಾಖೆ. ಪೂಜೆ ಮುಗಿಯುವ ತನಕ ಯಾರನ್ನೂ ಮುಟ್ಟರು, ಯಾರಿಂದಲೂ ಮುಟ್ಟಿಸಿಕೊಳ್ಳರು. ಅದನ್ನು ಜನ್ಮಪೂರ್ತಿ ಗೇಲಿ ಮಾಡಿದ ಮನುಷ್ಯ ಈಗ ಶೆಡ್ಡಿನಿಂದ ಬಂದರೆ ಹಿತ್ತಲಿನ ನಳದ ಕೆಳಗೆ, ಆ ಚಳಿಯಲ್ಲಿ, ತಣ್ಣೀರಿನಲ್ಲಿ ಸ್ನಾನ! ಪಕ್ಕದ ಮನೆಯ ಮೇಮ್ ಬೇಲಿಯ ಮೇಲಿಂದ ನೋಡಿ ಪರದೆ ಎಳೆದುಕೊಂಡರು. ಬಟ್ಟೆ ಬೇರೆ ಬಕೆಟ್ಟಿನಲ್ಲಿ, ಕೈಯಿಂದಲೇ ಒಗೆತ. ಚಪ್ಪಲಿ ಹೊರಗೇ. ನಾನು ಎದುರಿಗೆ ಬಂದರೆ ಗೋಡೆಗೆ ಅಂಟಿ ನಿಂತು, "ದೂರ, ದೂರ! ಮುಟ್ಟಬ್ಯಾಡ ನನ್ನ!" ಎಂಬ ಕೂಗು.

ಕಾಕೂಗೆ ಸ್ವರ್ಗ ಮೂರೇ ಗೇಣು. "ಅಂತೂ ರಾಯರು ಬುದ್ಧಿ ಕೊಟ್ರು" ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದರು.

ಆದರೆ ನನಗೆ ಬೇಜಾರಾಯಿತು. ಕಾಕಾ ನನ್ನ ಗಾಡಿಯನ್ನೂ ಬಿಟ್ಟಿದ್ದರು. ಆಮೇಲೆ ಅಲ್ಲಿ ಇಲ್ಲಿ ಸಿಕ್ಕ ಸೀಸವನ್ನು ತರಕಾರಿಯ ಗಾಲಿಚೀಲದಲ್ಲಿ ಹಾಕಿ ಬಸ್ಸಿನಲ್ಲಿ ತಂದರು. ಚೀಲವನ್ನು ಎತ್ತಲು ಹೋದ ಬಸ್ಸಿನ ಪ್ರಯಾಣಿಕನೊಬ್ಬ, ಒಳಗೆ ಏನಿದೆ ಎಂದು ಹೌಹಾರಿ ಕೇಳಿದನಂತೆ. "ಬದನಿಕಾಯಿ ಅಂದೆ" ಎಂದು ಕಾಕೂ ಮುಂದೆ ಹೇಳಿ ನಕ್ಕರು. ನನ್ನನ್ನು ಯಾಕೆ ಕರೆಯಲಿಲ್ಲ ಅಂದರೆ, "ನಿನ್ನ ಗಾಡಿ ಭಾಳ ಕುಲುಕತದ" ಎಂದು ಮುಖ ತಿರುಗಿಸಿದರು. ಅದೇ ಸಂಜೆ ನನ್ನ ಗಾಡಿಯ ಡಿಕ್ಕಿಯನ್ನು ಸೋಪು ಹಾಕಿ ತಿಕ್ಕುತ್ತಿದ್ದರು. ಕುಲುಕುವ ಗಾಡಿಗೆ ಇಷ್ಟು ಉಪಚಾರ ಯಾಕೋ!

ಸ್ಪರ್ಧೆಯ ವಾರ ಬಂತು. ಈ ಸಲವಾದರೂ ಕರೆದುಕೊಂಡು ಹೋಗೋಣ ಅಂತ ರಜೆ ಹಾಕಿ ಶೆಡ್ಡಿಗೆ ಹೋದೆ. ಬಾಗಿಲು ತೆರೆದಿತ್ತು. ಒಳಗೆ ಸೀಸದ ಒಂದು ಚೂರೂ ಇರಲಿಲ್ಲ. ನೆಲ ಒದ್ದೆ. ಕಾಕಾ ಮೂಲೆಯಲ್ಲಿ ಕೂತು ಬಟ್ಟೆ ಹಿಂಡುತ್ತಿದ್ದರು.

"ಕಾಕಾ, ಸೀಸ ಎಲ್ಲಿ?"

"ಪ್ಲಂಬರಗ ಕೊಟ್ಟು ಬಂದೆ. ಅವಂಗ ಉಪಯೋಗ ಆಗ್ತದ."

"ಯಾರಿಗೆ? ಪ್ಲಂಬರಗ? ಮತ್ತ ಸ್ಪರ್ಧೆ? ನೀವು ದೇವರ ಮುಂದೆ..."

ಕಾಕಾ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ನನ್ನ ಮುಖ ನೋಡದೆ ಹೇಳಿದರು. "ತಿಂಗಳಾತು, ಒಗ್ಗರಣಿ ಹಾಕಿದ್ರ ನೀ ಮೂಗು ಮುಚಗೊಂಡು ಮ್ಯಾಲೆ ಓಡ್ತಿ. ಹ್ವಾದ ವರ್ಷಾನೂ ಹಂಗs ಓಡ್ತಿದ್ದಿ."

ಹೋದ ವರ್ಷ ನಾನು ಊರಿಗೆಲ್ಲ ಸಿಹಿ ಹಂಚಿದ್ದೆ. ಮೂರನೆಯ ತಿಂಗಳಿಗೆ ಆಸ್ಪತ್ರೆಯಿಂದ ಬರಿಗೈಯಲ್ಲಿ ಮನೆಗೆ ಬಂದಿದ್ದೆ. ಈ ಸಲ ಹೆದರಿ ಗಂಡನಿಗೆ ಬಿಟ್ಟು ಯಾರಿಗೂ, ಕಾಕೂಗೂ, ಹೇಳಿರಲಿಲ್ಲ.

"ಬಸುರಾದವರ ಹತ್ರ ಸೀಸದ ಧೂಳು ಸುದ್ದಾ ಸುಳೀಬಾರದು ಅಂತ ಓದಿದೆ. ಎಷ್ಟ್ ತೊಳಕೊಂಡ್ರೂ ಮನಸಿಗೆ ಸಮಾಧಾನ ಆಗ್ಲಿಲ್ಲ, ತಂಗಿ. ಕೈಯಾಗ, ಬಟ್ಟ್ಯಾಗ, ಎಲ್ಲೆರ ಉಳದಿದ್ರ? ಅದಕ್ಕ ಬ್ಯಾಡs ಬ್ಯಾಡ ಅಂತ..."

ನಾನು ಅತ್ತುಬಿಟ್ಟೆ. ನಾಚಿಕೆಯಿಲ್ಲದೆ, ಒದ್ದೆ ನೆಲದ ಮೇಲೆ ನಿಂತು ಅತ್ತೆ. ಕಾಕಾ ಗಡಬಡಿಸಿ ಎದ್ದು ನನ್ನ ಕಡೆ ಬಂದವರು, ಅರ್ಧ ದಾರಿಯಲ್ಲಿ ತಮ್ಮ ಕೈ ನೋಡಿಕೊಂಡು ನಿಂತರು. ನಳದ ಹತ್ತಿರ ಹೋದರು. ಸೋಪು ಹಚ್ಚಿ, ಉಗುರಿನ ಸಂದಿಯನ್ನೆಲ್ಲ ತಿಕ್ಕಿ ತಿಕ್ಕಿ ತೊಳೆದರು, ಗಾಳಿಗೆ ಕೊಡವಿದರು. ಆಮೇಲೆ ಬಂದು ನನ್ನ ತಲೆಯ ಮೇಲೆ ಕೈ ಇಟ್ಟರು. ಕೈ ತಣ್ಣಗಿತ್ತು.