ಬೇಸ್‌ಬಾಲ್ ಲೀಗಿನವರು ಬೀಗ ಹಾಕಿದ ಎಪ್ಪತ್ತೊಂದು ದಿನಗಳು

ಪೆಸಿಫಿಕ್ ಬೇಸ್‌ಬಾಲ್ ಲೀಗಿನ ಮಾಲೀಕರ ಮಂಡಳಿಯ ಮಹನೀಯರಿಗೆ, ಹಾಗೂ ಅದೇ ಲೀಗಿನ ಆಟಗಾರರ ಸಂಘದ ಅಷ್ಟೇ ಮಹನೀಯರಿಗೆ. (ಯಾರ ಹೆಸರು ಮೊದಲು ಬರಬೇಕೆಂಬ ವಿಷಯಕ್ಕೆ ಇನ್ನೊಂದು ಸುತ್ತಿನ ಮಾತುಕತೆ ಮುರಿದುಬೀಳಬಾರದೆಂದು ನಾಣ್ಯ ಚಿಮ್ಮಿಸಿ ತೀರ್ಮಾನಿಸಿದ್ದೇನೆ.)

ಮಾನ್ಯರೇ,

ಬೆಳ್ಳುಳ್ಳಿ ಕೊಯ್ಲಿನ ಕಾಲದಲ್ಲಿ ಒಲೆ ಹಚ್ಚದೆಯೇ ಒಗ್ಗರಣೆಯ ಘಮ ಬರುವ ಗಿಲ್‌ರಾಯ್ ಎಂಬ ಊರಿನಿಂದ ವಾಣಿಶ್ರೀ ಎಂಬ ನಾನು ಮಾಡುವ ಸಾವಿರ ನಮಸ್ಕಾರಗಳು. ಐನೂರನ್ನು ಮಾಲೀಕರೂ ಐನೂರನ್ನು ಆಟಗಾರರೂ ವಕೀಲರ ನೆರವಿಲ್ಲದೆ ಹಂಚಿಕೊಳ್ಳಬೇಕಾಗಿ ಪ್ರಾರ್ಥನೆ. ತಮ್ಮ ಒಪ್ಪಂದಕ್ಕೆ ಸಹಿ ಬಿದ್ದು, ಕ್ರೀಡಾಂಗಣಗಳ ಬೀಗ ತೆಗೆದು, ಎರಡೂ ಕಡೆಯವರು ಕೈಕುಲುಕುತ್ತಿರುವ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿ ಸಂತೋಷವಾಯಿತು. ತಮ್ಮೆಲ್ಲರ ಹಲ್ಲುಗಳೂ ಅದರಲ್ಲಿ ಚೆನ್ನಾಗಿ ಕಾಣುತ್ತಿದ್ದವು. ಇದನ್ನು ನಾನು ವೃತ್ತಿಯ ದೃಷ್ಟಿಯಿಂದಲೇ ಹೇಳುತ್ತಿದ್ದೇನೆ.

ನಾನು ಮೈಸೂರಿನಲ್ಲಿ ದಂತವೈದ್ಯಕೀಯ ಓದಿದವಳು. ಇಲ್ಲಿನ ಪರೀಕ್ಷೆ ಪಾಸು ಮಾಡದೆ ಯಾರ ಬಾಯಿಯನ್ನೂ ಮುಟ್ಟುವಂತಿಲ್ಲವಾದ್ದರಿಂದ, ಈ ದೇಶಕ್ಕೆ ಬಂದ ಹದಿನಾಲ್ಕು ವರ್ಷಗಳಲ್ಲಿ ನನ್ನ ಕೈಗೆ ಸಿಕ್ಕಿದ್ದು ನನ್ನ ಮಗಳು ತೇಜಸ್ವಿನಿಯ ಹಾಲುಹಲ್ಲುಗಳು ಮಾತ್ರ. ಹಿಂದಿನ ಬೀದಿಯ ಜರೀನಾ ಧಾರವಾಡದಲ್ಲಿ ಅದೇ ಓದು ಓದಿ, ಅದೇ ಕಾರಣಕ್ಕೆ ಅಷ್ಟೇ ಕಾಲ ಕೈಕಟ್ಟಿ ಕುಳಿತವಳು. ಮೇ ತಿಂಗಳ ಕೊನೆಯ ಪರೀಕ್ಷೆಗೆ ನಾವಿಬ್ಬರೂ ಧೈರ್ಯ ಮಾಡಿ ಹೆಸರು ಕೊಟ್ಟೆವು. ಮನೆ, ಮಕ್ಕಳು, ಅಡುಗೆಗಳ ನಡುವೆ ಓದುವುದಕ್ಕೆ ಹೊತ್ತನ್ನು ಎಲ್ಲಿಂದ ತರುವುದೆಂಬ ಪ್ರಶ್ನೆಗೆ ಉತ್ತರವಾಗಿದ್ದದ್ದು, ತಾವು ನಂಬಿದರೆ ನಂಬಿ, ತಮ್ಮ ಲೀಗು.

ಹೇಗೆಂದರೆ, ನನ್ನ ಗಂಡ ಶೇಷಾದ್ರಿ ಮತ್ತು ಜರೀನಾಳ ಗಂಡ ಸಲೀಮ್ ಒಂಬತ್ತು ವರ್ಷಗಳಿಂದ ನಮ್ಮ ಕಡೆಯ ತಂಡವಾದ ಬೇ ಹೆರಾನ್ಸ್‌ನ ಭಕ್ತರು. ಹೆರಾನ್ ಎಂದರೆ ಕೊಕ್ಕರೆ. ಗೆಲುವಿಗಾಗಿ ಒಂಟಿ ಕಾಲಿನಲ್ಲಿ ಕಾಯುವ ತಂಡಕ್ಕೆ ಇದಕ್ಕಿಂತ ಒಪ್ಪುವ ಹೆಸರಿಲ್ಲ. ಪಂದ್ಯವಿದ್ದ ಸಂಜೆಯೆಲ್ಲ ಇಬ್ಬರೂ ಸಲೀಮ್ ಅವರ ಮನೆಯ ಗ್ಯಾರೇಜಿನಲ್ಲಿ ಟೀವಿಯ ಮುಂದೆ ಕೂರುತ್ತಿದ್ದರು, ತನ್ನ ಆಟವಿಲ್ಲದ ದಿನ ತೇಜಸ್ವಿನಿಯೂ ಅವರ ಜೊತೆಗೆ. ಆರೂವರೆಯಿಂದ ಒಂಬತ್ತೂವರೆಯವರೆಗೆ ನನ್ನ ಊಟದ ಮೇಜು ನನ್ನದು ಮತ್ತು ಜರೀನಾಳದು. ಬೇಲಿಯಾಚೆಯಿಂದ ಕೇಳಿಬರುತ್ತಿದ್ದ ನಿಟ್ಟುಸಿರುಗಳ ಲೆಕ್ಕದಲ್ಲೇ ಎಷ್ಟನೆಯ ಇನ್ನಿಂಗ್ಸ್ ಎಂದು ನಮಗೆ ತಿಳಿಯುತ್ತಿತ್ತು. ಒಂದು ಪಂದ್ಯವನ್ನೂ ಕಣ್ಣಾರೆ ಪೂರ್ತಿ ನೋಡದ ನಾನು ತಮ್ಮ ಆಟವನ್ನು ಕಿವಿಯಿಂದ ಕಲಿತವಳು. ಆ ಗಲಾಟೆಯಿಲ್ಲದೆ ದವಡೆಯ ನರಗಳ ಹೆಸರು ನನಗೆ ಇಂದಿಗೂ ನೆನಪಿಗೆ ಬರುವುದಿಲ್ಲ.

ಇಂತಹ ಸುಭಿಕ್ಷ ಕಾಲದಲ್ಲಿ, ಮಾರ್ಚ್ ಕೊನೆಯ ವಾರ, ಋತುವಿನ ಮೊದಲ ಪಂದ್ಯಕ್ಕೆ ಐದು ದಿನವಿದೆ ಎನ್ನುವಾಗ, ಹಳೆಯ ಕರಾರು ಮುಗಿದು ಹೊಸದಕ್ಕೆ ಒಪ್ಪಿಗೆಯಾಗಲಿಲ್ಲವೆಂದು ಮಾಲೀಕರಾದ ತಾವು ಕ್ರೀಡಾಂಗಣಗಳಿಗೆ ಬೀಗ ಜಡಿದಿರಿ, ಆಟಗಾರರಾದ ತಾವು ಬೀಗದ ಹೊರಗೆ ನಿಂತು ಭಾಷಣ ಮಾಡಿದಿರಿ. ಇಬ್ಬರೂ ತಮ್ಮ ತಮ್ಮ ಪತ್ರಿಕಾಗೋಷ್ಠಿಯಲ್ಲಿ 'ಅಭಿಮಾನಿಗಳಿಗಾಗಿಯೇ ನಮ್ಮ ಹೋರಾಟ' ಎಂದಿರಿ. ನಮಗಾಗಿ ಇಷ್ಟು ಜನ ದೊಡ್ಡವರು ಹೊಡೆದಾಡುತ್ತಿದ್ದಾರೆಂದು ಅಲ್ಲಿಯವರೆಗೆ ನಮಗೆ ಗೊತ್ತೇ ಇರಲಿಲ್ಲ.

ನಾಲ್ಕನೆಯ ದಿನ ಗ್ಯಾರೇಜಿನಲ್ಲಿ ಜಗಳವಾಯಿತು. ಸಲೀಮ್ ಅವರದು ಗಿಲ್‌ರಾಯಿನಲ್ಲೇ ಒಂದು ಟೈರ್ ಅಂಗಡಿ, ಆರು ಜನ ಕೆಲಸಗಾರರು. ಶೇಷಾದ್ರಿ ದಿನವೂ ಎರಡು ಗಂಟೆ ಫ್ರೀವೇ ತುಳಿದು ಪಾಲೋ ಆಲ್ಟೋದ ಆಫೀಸಿಗೆ ಹೋಗಿ ಯಾರದೋ ಕಂಪನಿಗೆ ದುಡಿಯುವವರು. ಹೀಗಾಗಿ ಇವರು ಆಟಗಾರರ ಕಡೆ, ಅವರು ಮಾಲೀಕರ ಕಡೆ.

"ಜನ ದುಡ್ಡು ಕೊಟ್ಟು ನೋಡಕ್ ಬರೋದು ಆಟಗಾರರನ್ನ ಕಣ್ರೀ, ಸೂಟ್ ಹಾಕ್ಕೊಂಡೋರನ್ನಲ್ಲ" ಎಂದರಂತೆ ಶೇಷಾದ್ರಿ.

"ಅಂಗಡಿ ನಡಸೋದು ಅಂದ್ರ ಏನಂತ ನಿಮಗೇನ್ ಗೊತ್ರೀ? ತಿಂಗಳಾ ಮುಗೀತಿದ್ದಂಗ ಪಗಾರ ತಗೊಳ್ಳೋ ಮಂದಿ ನೀವು" ಎಂದರಂತೆ ಸಲೀಮ್.

ಇದಕ್ಕೆ ನನ್ನ ಗಂಡ ಕೊಟ್ಟ ಉತ್ತರ ಮಾತ್ರ ನನಗೆ ಇವತ್ತಿಗೂ ನಾಚಿಕೆ ತರುವಂಥದ್ದು. ಆರು ಜನರ ಬೆವರಿನ ಮೇಲೆ ಕೂತವರಿಗೆ ಹಾಗೆ ಅನ್ನಿಸುವುದು ಸಹಜ ಎಂದುಬಿಟ್ಟರು. ಸಲೀಮ್ ಎದ್ದು ಟೀವಿ ಆರಿಸಿದರು. ಒಂಬತ್ತು ವರ್ಷ ನಮ್ಮ ಹಬ್ಬಕ್ಕೆ ಅವರು, ಅವರ ಹಬ್ಬಕ್ಕೆ ನಾವು ಎಂಬಂತಿದ್ದ, ಯಾವ ಚುನಾವಣೆಯೂ ಅಲುಗಿಸಲಾಗದ ಸ್ನೇಹವದು. ಅದನ್ನು ಇಪ್ಪತ್ತು ನಿಮಿಷದಲ್ಲಿ, ಅದೂ ಗಿಲ್‌ರಾಯ್ ಎಂಬ ಊರು ಎಲ್ಲಿದೆಯೆಂದು ತಿಳಿಯದೆಯೇ, ದೂರದಿಂದಲೇ ಕೆಡವಿದ ತಮ್ಮ ಸಾಮರ್ಥ್ಯಕ್ಕೆ ನಾನು ತಲೆಬಾಗುತ್ತೇನೆ. ತಮ್ಮ ಬೌಲರುಗಳಾದ ಪಿಚರ್‌ಗಳು ಇಷ್ಟು ದೂರದಿಂದ ಇಷ್ಟು ಗುರಿಯಿಟ್ಟು ಎಸೆದದ್ದನ್ನು ನಾವು ಯಾವ ಋತುವಿನಲ್ಲೂ ಕಂಡಿಲ್ಲ.

ಆ ಮೇಲೆ ಏನಾಯಿತೆಂಬುದನ್ನು ತಮ್ಮ ಅಮೂಲ್ಯ ಗಮನಕ್ಕೆ ತರುತ್ತೇನೆ. ಹೋಗಲು ಗ್ಯಾರೇಜಿಲ್ಲದ ಶೇಷಾದ್ರಿ ಸಂಜೆ ಆರೂವರೆಗೆ ಸರಿಯಾಗಿ ನನ್ನ ಊಟದ ಮೇಜಿಗೆ ಬಂದು ಕೂರತೊಡಗಿದರು. ಮೊದಮೊದಲು ಹಳೆಯ ಪಂದ್ಯಗಳನ್ನು ಹಾಕಿಕೊಂಡು, ಸೋಲು ಗೊತ್ತಿದ್ದೂ ಹೊಸದಾಗಿ ನರಳಿದರು. ಅದು ಬೇಸರವಾದ ಮೇಲೆ ಸಂಧಾನದ ಸುದ್ದಿಯನ್ನು ಗಟ್ಟಿಯಾಗಿ ನಮಗೆ ಓದಿ ಹೇಳತೊಡಗಿದರು. ಅದೂ ಮುಗಿದ ಮೇಲೆ ಅಂಕಿಅಂಶವಿಲ್ಲದೆ ಬದುಕಲಾಗದ ಆ ಮನುಷ್ಯ ನನ್ನ ಕುಕ್ಕರಿನ ಸೀಟಿಗಳ ಸರಾಸರಿ ತೆಗೆಯಲಾರಂಭಿಸಿದರು. "ಈ ವಾರ ನಿನ್ ಫಾರ್ಮು ಇಳಿದಿದೆ ವಾಣಿ, ಬೇಳೆಗೆ ನಾಲ್ಕಾಗ್ತಿದೆ" ಎಂದರು. ಅವತ್ತು ನಾನು ಕುಕ್ಕರನ್ನು ಎಸೆಯಲಿಲ್ಲವೆಂಬುದಕ್ಕೆ ಆಟಗಾರರ ಸಂಘ ನನಗೊಂದು ಪದಕ ಕಳುಹಿಸಬೇಕು.

ಜರೀನಾಳ ಮನೆಯ ಪಾಡು ಇನ್ನೊಂದು ಬಗೆಯದು. ಸಲೀಮ್ ಏನನ್ನೂ ಓದಿ ಹೇಳಲಿಲ್ಲ, ಏನನ್ನೂ ಹೇಳಲಿಲ್ಲ. ಅಂಗಡಿ ಮುಚ್ಚಿ ಬಂದು, ಗ್ಯಾರೇಜಿನಲ್ಲಿ ಆರಿದ ಟೀವಿಯ ಮುಂದೆ ಒಬ್ಬರೇ ಕೂರುತ್ತಿದ್ದರು. "ಬೈದ್ರ ಬೈಲಿ ಅಂತೀನಿ. ಹಿಂಗ ಮಾರಿ ಗಂಟ್ ಹಾಕ್ಕೊಂಡು ಕುಂತ್ರ ನಾ ಏನ್ ಓದ್ಲಿ, ವಾಣಿ?" ಎಂದು ಹೇಳುತ್ತಾ ಆಕೆ ಪುಸ್ತಕ ಮುಚ್ಚಿ ಅತ್ತದ್ದನ್ನು ನಾನು ನೋಡಿದೆ. ಪರೀಕ್ಷೆಗೆ ಆಗ ಐದು ವಾರ ಉಳಿದಿತ್ತು. ಹದಿನಾಲ್ಕು ವರ್ಷ ಕಾದು, ನಲವತ್ತರ ಹೊಸ್ತಿಲಲ್ಲಿ ಕಷ್ಟಪಟ್ಟು ಎತ್ತಿಕೊಂಡ ಪುಸ್ತಕವನ್ನು, ತಾವು ಯಾರೋ, ನಾವು ಯಾರೋ ಎಂಬಂಥವರ ಜಗಳಕ್ಕಾಗಿ ಕೆಳಗಿಡಬೇಕಾದೀತೇ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಮರುದಿನ ಇಬ್ಬರೂ ಮಾತಾಡಿಕೊಂಡು ಊರಿನ ಲೈಬ್ರರಿಗೆ ಹೊರಟೆವು. ಹೊರಡುವಾಗ ಗಂಡಂದಿರಿಗೆ ಹೇಳಿದ್ದು ಇಷ್ಟೇ: ಇನ್ನು ಪರೀಕ್ಷೆಯವರೆಗೆ ಸಂಜೆಯ ಅಡುಗೆ ನಿಮ್ಮದು, ಮಕ್ಕಳನ್ನು ಸಾಫ್ಟ್‌ಬಾಲಿಗೆ ಕರೆದೊಯ್ಯುವುದೂ ನಿಮ್ಮದು. ಸಾಫ್ಟ್‌ಬಾಲ್ ಎಂದರೆ ತಮ್ಮ ಆಟದ್ದೇ ತಂಗಿ, ಚೆಂಡು ಸ್ವಲ್ಪ ದಪ್ಪ. ಹದಿಮೂರರ ತೇಜಸ್ವಿನಿ ಮತ್ತು ಜರೀನಾಳ ಮಗಳು ತಹ್ರೀಮ್ ಇಬ್ಬರೂ ಊರಿನ ಬಾಲಕಿಯರ ತಂಡದಲ್ಲಿದ್ದಾರೆ. ಒಂಬತ್ತು ವರ್ಷ ಕೊಕ್ಕರೆಗಳ ಪ್ರತಿಯೊಂದು ಎಸೆತವನ್ನೂ ಕಂಡ ಈ ತಂದೆಯರು ಸ್ವಂತ ಮಕ್ಕಳ ಪಂದ್ಯವನ್ನು ಕಂಡದ್ದು ಬೆರಳೆಣಿಕೆಯಷ್ಟು ಸಲ ಮಾತ್ರ, ಎರಡೂ ಒಂದೇ ಹೊತ್ತಿಗೆ ಬರುತ್ತಿದ್ದವಲ್ಲ! ಈ ವಿಷಯದಲ್ಲಿ ದೂರು ತಮ್ಮ ಮೇಲಲ್ಲ. ಕಾಗದ ಉಳಿದರೆ ಅದಕ್ಕೆ ಬೇರೆ ಪತ್ರ ಬರೆಯುತ್ತೇನೆ.

ಮೇ ಮೊದಲ ಗುರುವಾರ ಬಾಲಕಿಯರಿಗೆ ಪಂದ್ಯವಿತ್ತು. ಶೇಷಾದ್ರಿ ಬೆಂಚಿನ ಈ ತುದಿಗೆ, ಸಲೀಮ್ ಆ ತುದಿಗೆ, ನಡುವೆ ಇಡೀ ತಂಡದ ಚೀಲಗಳು. ಕ್ಯಾಚರ್ ಆಗಿದ್ದ ತೇಜಸ್ವಿನಿಗೆ ತಹ್ರೀಮ್ ದೂರದಿಂದ ಚೆಂಡು ಎಸೆದಳು. ಓಡಿಬಂದ ಎದುರಾಳಿ ಹುಡುಗಿಯ ಮೊಣಕಾಲಿಗೆ ತೇಜಸ್ವಿನಿ ಚೆಂಡು ಮುಟ್ಟಿಸಿದಳು, ಹಾಗೆ ಮುಟ್ಟಿಸಿದರೆ ಔಟ್. ಅಂಪೈರ್ ಆಗಿದ್ದ, ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬ ಹಿರಿಯ ಹೆಂಗಸು, ಎರಡೂ ಕೈ ಚಾಚಿ 'ಸೇಫ್' ಎಂದರು.

ಬೆಂಚಿನ ಎರಡೂ ತುದಿಗಳು ಒಟ್ಟಿಗೆ ಎದ್ದವು.

"ಔಟ್ ಐತಲ್ರೀ ಅದು!"

"ಔಟೇ ಕಣ್ರೀ! ಮಂಡಿಗೆ ತಾಗಿದೆ!"

ಆಕೆಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಅರ್ಥವಾಯಿತು. ಒಮ್ಮೆ ಎಚ್ಚರಿಸಿದರು. ಇಬ್ಬರೂ ಬೇಲಿಯವರೆಗೆ ನುಗ್ಗಿ ವಾದಿಸಿದರು. ಆಕೆ ಪಾರ್ಕಿಂಗ್ ಲಾಟಿನ ಕಡೆ ಬೆರಳು ತೋರಿಸಿದರು. ಲೈಬ್ರರಿಯಲ್ಲಿದ್ದ ನನಗೆ ತೇಜಸ್ವಿನಿಯ ಫೋನು ಬಂತು. "ಅಮ್ಮಾ, ಬೋತ್ ಡ್ಯಾಡ್ಸ್ ಗಾಟ್ ಥ್ರೋನ್ ಔಟ್. ಇಟ್ಸ್ ಸೋ ಎಂಬರಾಸಿಂಗ್."

ನಾವು ಪುಸ್ತಕ ಮುಚ್ಚಿ ಓಡಿದೆವು. ಹೊಡೆದಾಟವೇ ಆಗಿರಬಹುದೆಂದು ದಾರಿಯುದ್ದಕ್ಕೂ ಜರೀನಾ ನನ್ನ ಕೈ ಬಿಟ್ಟಿರಲಿಲ್ಲ. ಹೋಗಿ ನೋಡಿದರೆ ಇಬ್ಬರೂ ಸಲೀಮ್ ಅವರ ಟ್ರಕ್ಕಿನ ಹಿಂಬದಿಯ ಮೇಲೆ ಕಾಲು ಇಳಿಬಿಟ್ಟು ಕೂತು, ಬೇಲಿಯ ತಂತಿಯ ಸಂದಿಯಿಂದ ಆಟ ನೋಡುತ್ತಾ, ಶೇಷಾದ್ರಿ ಮಾಡಿದ್ದ ಪುಳಿಯೋಗರೆಯನ್ನು ಒಂದೇ ಡಬ್ಬಿಯಿಂದ ತಿನ್ನುತ್ತಿದ್ದರು. ಅನ್ನ ಮುದ್ದೆಯಾಗಿತ್ತು, ಹುಳಿ ವಿಪರೀತ. ಸಲೀಮ್ ಅದರ ಬಗ್ಗೆ ಚಕಾರವೆತ್ತದೆ ತಿನ್ನುತ್ತಿದ್ದದ್ದೇ ಒಂದು ದೊಡ್ಡ ರಿಯಾಯಿತಿ.

"ಅವತ್ತು ನಾನ್ ಹಾಗನ್ನಬಾರದಿತ್ತು, ಸಲೀಮ್" ಎಂದು ಶೇಷಾದ್ರಿ ಆಟದಿಂದ ಕಣ್ಣು ತೆಗೆಯದೆ ಹೇಳಿದರು.

"ಹೋಗ್ಲಿ ಬಿಡ್ರಿ" ಎಂದ ಸಲೀಮ್ ಡಬ್ಬಿಗೆ ಮತ್ತೆ ಕೈಹಾಕಿ, "ಬ್ಯಾಸರ ಆಗಿತ್ತು ಮಾತ್ರ. ಭಾಳ ಆಗಿತ್ತು" ಎಂದರು.

ನಾವಿಬ್ಬರೂ ಅಲ್ಲಿ ನಿಲ್ಲದೆ ಲೈಬ್ರರಿಗೆ ಹಿಂದಿರುಗಿದೆವು.

ಮಾನ್ಯರೇ, ತಮ್ಮ ಸಂಧಾನಕ್ಕೆ ಎಪ್ಪತ್ತೊಂದು ದಿನ, ಹನ್ನೊಂದು ವಕೀಲರು ಮತ್ತು ಸಮುದ್ರ ಕಾಣುವ ಒಂದು ಹೋಟೆಲು ಬೇಕಾಯಿತೆಂದು ಓದಿದ್ದೇನೆ. ಮುಂದಿನ ಕರಾರಿನ ಹೊತ್ತಿಗೆ ತಮಗೆ ಗಿಲ್‌ರಾಯ್ ಸಾಫ್ಟ್‌ಬಾಲ್ ಮೈದಾನದ ಪಾರ್ಕಿಂಗ್ ಲಾಟನ್ನು ಕಾದಿರಿಸುತ್ತೇನೆ. ಆ ಅಂಪೈರನ್ನೂ ಒಪ್ಪಿಸುತ್ತೇನೆ. ಪುಳಿಯೋಗರೆ ನನ್ನ ಗಂಡನದೇ ಇರುತ್ತದೆ. ಡಬ್ಬಿ ಖಾಲಿಯಾಗುವವರೆಗೆ ಯಾರೂ ಏಳುವಂತಿಲ್ಲ. ಅದಕ್ಕೂ ಬಗ್ಗದಿದ್ದರೆ ಜರೀನಾ ತನ್ನ ಇಕ್ಕಳದೊಂದಿಗೆ ಬರುತ್ತಾಳೆ. ಆಕೆ ಈಗ ಅದಕ್ಕೆ ಅರ್ಹಳು, ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾಳೆ. ಫಲಿತಾಂಶ ಬಂದ ದಿನ ಸಲೀಮ್ ಅಂಗಡಿಯ ಆರೂ ಜನರಿಗೆ ರಜೆ ಕೊಟ್ಟು, ತಾವೊಬ್ಬರೇ ಟೈರು ಬದಲಾಯಿಸುತ್ತಾ ನಿಂತರಂತೆ.

ನಾನು ಫೇಲಾದೆ. ಅದಕ್ಕೂ ತಮ್ಮನ್ನೇ ಹೊಣೆ ಮಾಡಬೇಕೆಂದು ಎರಡು ಪ್ಯಾರಾ ಬರೆದಿದ್ದೆ, ಚೆನ್ನಾಗಿಯೂ ಬಂದಿದ್ದವು, ಹೊಡೆದುಹಾಕಿದೆ. ಸತ್ಯ ಹೇಳಬೇಕೆಂದರೆ ಆ ಪ್ರಶ್ನೆಗಳಿಗೆ ನನಗೆ ಉತ್ತರ ಬರಲಿಲ್ಲ. ಅಕ್ಟೋಬರಿನಲ್ಲಿ ಮತ್ತೆ ಕೂರುತ್ತೇನೆ. ಪಾಠ ಹೇಳಿಕೊಡುವವಳು ಜರೀನಾ. ಆದ್ದರಿಂದ ಅಕ್ಟೋಬರಿನವರೆಗಾದರೂ ತಾವು ತಪ್ಪದೆ, ಪ್ರತಿ ಸಂಜೆ, ಸಾಧ್ಯವಾದರೆ ಹೆಚ್ಚುವರಿ ಇನ್ನಿಂಗ್ಸ್‌ಗಳ ಸಹಿತ ಆಡಬೇಕು. ಕೊಕ್ಕರೆಗಳು ಗೆಲ್ಲಬೇಕೆಂದು ನಾನು ಕೇಳುತ್ತಿಲ್ಲ. ಅಸಾಧ್ಯವಾದದ್ದನ್ನು ಕೇಳುವಷ್ಟು ಸಲಿಗೆ ನಮ್ಮ ನಡುವೆ ಇನ್ನೂ ಬೆಳೆದಿಲ್ಲ.

ಆದರೂ ಒಂದು ಮಾತು ಮುಚ್ಚಿಡಲಾರೆ. ತಮ್ಮ ಪುನರಾರಂಭದ ಪಂದ್ಯ ಜೂನ್ ಎರಡನೆಯ ಶನಿವಾರ ನಡೆಯಿತಲ್ಲ, ಎಂಟು ವರ್ಷಗಳಿಂದ ಮೊದಲ ಪಂದ್ಯಕ್ಕೆ ತಪ್ಪದೆ ಕಾರು ಹತ್ತುತ್ತಿದ್ದ ನಮ್ಮಿಬ್ಬರು ಮಹನೀಯರು ಈ ಸಲ ಬರಲಿಲ್ಲ. ಮೈದಾನದಿಂದ ಹೊರಹಾಕಿಸಿಕೊಂಡ ತಪ್ಪಿಗೆ ಆ ಅಂಪೈರಮ್ಮ ಇಬ್ಬರಿಗೂ ಋತುವಿನ ಕೊನೆಯವರೆಗೆ ಮೈದಾನದ ಮಣ್ಣು ಹದ ಮಾಡುವ ಕೆಲಸ ಹಚ್ಚಿದ್ದರು, ಅಂದು ಬಾಲಕಿಯರ ಕೊನೆಯ ಪಂದ್ಯ. ತಮ್ಮನ್ನು ಅವರು ಪೂರ್ತಿ ಬಿಟ್ಟಿದ್ದಾರೆಂದು ಭಾವಿಸಬೇಡಿ. ಕುಂಟೆ ಎಳೆಯುವಾಗಲೂ ಟ್ರಕ್ಕಿನ ರೇಡಿಯೋದಲ್ಲಿ ತಮ್ಮ ಕಾಮೆಂಟರಿ ಓಡುತ್ತಿತ್ತು. ತಮ್ಮ ಪಂದ್ಯದ ಮೂರನೆಯ ಇನ್ನಿಂಗ್ಸ್‌ನಲ್ಲಿ ಹುಡುಗಿಯರು ಮೈದಾನಕ್ಕೆ ಇಳಿದರು. ಸಲೀಮ್ ಹೋಗಿ ರೇಡಿಯೋ ಆರಿಸಿ ಬಂದರು. ಸ್ಕೋರ್ ಎಷ್ಟಾಗಿತ್ತೆಂದು ಶೇಷಾದ್ರಿ ಕೇಳಲಿಲ್ಲ.

ಇಷ್ಟಾದರೂ ತಮ್ಮ ಮೇಲೆ ವಿಶ್ವಾಸ ಇಟ್ಟುಕೊಂಡಿರುವ, ಯಾಕೆಂದು ಕೇಳಿದರೆ ಹೇಳಲಾಗದ,
ತಮ್ಮ ವಿಶ್ವಾಸಿ,
ವಾಣಿಶ್ರೀ
ಗಿಲ್‌ರಾಯ್

ಮರೆತ ಮಾತು: ಈ ಪತ್ರ ಮುಗಿಸುವ ಹೊತ್ತಿಗೆ ತಮ್ಮ ಕಚೇರಿಯಿಂದ ಒಂದು ಸಮೀಕ್ಷೆ ಬಂತು. 'ಆಟ ನಿಂತಿದ್ದ ದಿನಗಳಲ್ಲಿ ತಾವು ಏನು ಮಾಡಿದಿರಿ?' ಎಂಬ ಪ್ರಶ್ನೆಗೆ ಒಂದೇ ಒಂದು ಪದದ ಜಾಗ ಬಿಟ್ಟಿದ್ದೀರಿ. ಶೇಷಾದ್ರಿ ಬಹಳ ಹೊತ್ತು ಯೋಚಿಸಿ, ಸಲೀಮ್ ಅವರಿಗೆ ಫೋನು ಮಾಡಿ ಕೇಳಿ, ಇಬ್ಬರ ಪರವಾಗಿಯೂ ಕನ್ನಡದಲ್ಲೇ ಬರೆದು ಕಳುಹಿಸಿದರು. ತಮ್ಮ ಯಂತ್ರ ಅದನ್ನು ಓದಲಾಗದೆ 'ಅಮಾನ್ಯ ಉತ್ತರ' ಎಂದು ಹಿಂದಿರುಗಿಸಿದೆ. ಆದ್ದರಿಂದ ಇಲ್ಲಿಯೇ ನಮೂದಿಸುತ್ತಿದ್ದೇನೆ: ಆಡಿದೆವು.