ಎಣ್ಣೆ ಕುಡಿದ ಮರಳು

ಅಳತೆ ಹಿಡಿದು ಕೆಲಸಕ್ಕೆ ಇಳಿದಲ್ಲೆಲ್ಲ ಮನುಷ್ಯರು ಅಳತೆಗೆ ಸಿಗದೆ ಜಾರುತ್ತಲೇ ಇರುತ್ತಾರೆ. ನಿಜಾಮರ ಕಾಲದಲ್ಲಿ ನಾನು ತಾಂಡೂರಿನ ಔಡಲೆಣ್ಣೆ ಕಾರ್ಖಾನೆಯೊಂದರಲ್ಲಿ ದಫ್ತರ ಬರೆಯುತ್ತಿದ್ದೆ. ಅಲ್ಲಿಯ ತೊಟ್ಟಿ ವರ್ಷಗಟ್ಟಲೆ ಸೋರಿ, ಅಂಗಳದ ಮರಳೆಲ್ಲ ಎಣ್ಣೆ ಕುಡಿದಿತ್ತು. ಅದನ್ನು ಬಿಸಿನೀರಲ್ಲಿ ಕಲಕಿ ಎಣ್ಣೆ ತೇಲಿಸುವ ದಾರಿ ಹುಡುಕಲು ಹೈದರಾಬಾದಿನಿಂದ ರಸಾಯನ ಓದಿದ ಒಬ್ಬ ಸಾಹೇಬರು ಬಂದರು. ಮಾತು ಕಡಿಮೆ, ಪರೀಕ್ಷೆ ಜಾಸ್ತಿ.

೧. ಉಪವಾಸದ ಹಂಡೆ

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎನ್ನುವುದು ಸಾಹೇಬರ ನಿಯಮ. ಎರಡು ಹಂಡೆಗೆ ಒಂದೇ ಅಳತೆಯ ಮರಳು, ಒಂದೇ ಬಿಸಿಯ ನೀರು. ಒಂದಕ್ಕೆ ಮಾತ್ರ ಬಟ್ಟೆ ಒಗೆಯುವ ಸೋಡಾ. ಮೂರು ದಿನವೂ ಎರಡರಲ್ಲೂ ಎಣ್ಣೆ ಸಮಸಮ ಬಂತು. ‘ಸೋಡಾದಿಂದ ಉಪಯೋಗವಿಲ್ಲ’ ಎಂದು ನಾನು ಬರೆಯುವುದರಲ್ಲಿದ್ದೆ. ಒಲೆ ನೋಡಿಕೊಳ್ಳುತ್ತಿದ್ದ ಕಲ್ಹೇರಿನ ಮುದುಕ ತಲೆ ಕೆರೆದುಕೊಂಡ. ಕುರಿ ಕಾಯ್ದು ಬಂದವನು.

“ಬಾಜೂ ಹಂಡಿಗೂ ದಿನಾ ಒಂದ್ ಮುಷ್ಟಿ ಸೋಡಾ ಹಾಕೀನ್ರಿ.”

“ಯಾಕೆ?” ಎಂದರು ಸಾಹೇಬರು.

“ಒಂದ್ ಕುರಿಗಿ ಮೇವು ಹಾಕಿ ಬಾಜೂದಕ್ಕ ಉಪಾಸ ಕೆಡವೋದು ನನ್ನ ಕೈಲೆ ಆಗಂಗಿಲ್ರಿ.”

೨. ಹಾಡಿನ ಗಡಿಯಾರ

ಹಂಡೆ ಕಲಕುವವಳು ಯಾಲಾಲಿನ ಹೆಂಗಸು. ಇದ್ದೊಂದು ಗಡಿಯಾರ ಮಾಲಕರ ಖೋಲಿಯಲ್ಲಿತ್ತು. ಹಾಗಾಗಿ ಒಂದು ಬೀಸುವ ಹಾಡು ಮುಗಿಯುವ ತನಕ ಕಲಕಬೇಕೆಂದು ನಿಗದಿಯಾಯಿತು. ಕೆಲವು ದಿನ ಎಣ್ಣೆ ತಾನಾಗಿ ಹೆಚ್ಚು ಬರುತ್ತಿತ್ತು. ಸಾಹೇಬರು ಕಟ್ಟಿಗೆ, ನೀರು, ಗಾಳಿ ಎಲ್ಲದರ ಜೊತೆ ತಾಳೆ ಹಾಕಿ ನೋಡಿದರು, ಕೂಡಲಿಲ್ಲ. ಒಂದು ದಿನ ನಾನು ಹಾಡಿಗೆ ಕಿವಿ ಕೊಟ್ಟೆ.

“ಇವತ್ತ ಹಾಡು ಉದ್ದ ಆತಲ್ಲವ್ವ?”

“ಅತ್ತಿ ಜೋಡಿ ಜಗಳ ಆಗಿತ್ರಿ. ಆಕಿ ಮ್ಯಾಲ ನಾಕ್ ನುಡಿ ಕಟ್ಟಿ ಸೇರ್ಸೀನಿ.”

ಸಾಹೇಬರು ನಗಲಿಲ್ಲ. ಹೆಚ್ಚು ಹೊತ್ತು ಕಲಕಿದರೆ ಹೆಚ್ಚು ಎಣ್ಣೆ ಎಂಬುದು ಅವರಿಗೆ ಅಂದೇ ಖಾತ್ರಿಯಾಯಿತು. ದಫ್ತರದಲ್ಲಿ ಹೊಸ ಅಂಕಣಕ್ಕೆ ಗೆರೆ ಎಳೆಸಿ, ತಲೆಬರಹ ಬರೆಸಿದರು: ‘ಅತ್ತೆಯೊಡನೆ ಜಗಳ. ಹೌದು ಅಥವಾ ಇಲ್ಲ.’

೩. ಇಲ್ಲದ ಎಣ್ಣೆ

ನಮ್ಮ ಮಾಲಕರು ಬೆರಳಿಗೆ ಹತ್ತಿದ ಎಣ್ಣೆಯನ್ನೂ ಬಿಡದೆ ತಲೆಗೆ ಸವರಿಕೊಳ್ಳುವವರು. ಅವರೇ ತಹಸೀಲ್ದಾರರನ್ನು ಪರೀಕ್ಷೆ ನೋಡಲು ಕರೆದರು. “ಅವತ್ತ ಎಣ್ಣಿ ಬರ್ಲಿಲ್ಲಂದ್ರ ಈ ಕೆಲಸ ಬಂದ್” ಎಂದು ನಮಗೆ ಹೇಳಿಟ್ಟರು.

ಪರೀಕ್ಷೆಯ ದಿನ, ಸಾಹೇಬರ ಲೆಕ್ಕದಂತೆ ಹಂಡೆಯ ಮರಳಲ್ಲಿ ಇದ್ದದ್ದೇ ಎರಡು ಸೇರು ಎಣ್ಣೆ. ತೇಲಿದ್ದು ಮೂರೂವರೆ ಸೇರು. ತಹಸೀಲ್ದಾರರು ಶಭಾಶ್ ಎಂದರು. ಸಾಹೇಬರು ಮಾತ್ರ ಬೆವತರು.

“ಇದು ತಪ್ಪು. ಇಲ್ಲದ ಎಣ್ಣೆ ಬರಲಾರದು.”

ಮುದುಕ ಮೆಲ್ಲಗೆ ಮುಂದೆ ಬಂದ. “ಅರ್ಧಾ ಸೇರು ನಾ ಸುರದೀನ್ರಿ. ನಿಮ್ಮ ಮರ್ಯಾದಿ ಉಳೀಲಂತ.”

“ನಾನೂ ಅರ್ಧಾ ಸೇರು” ಎಂದಳು ಕಲಕುವವಳು.

ಸಾಹೇಬರು ನನ್ನತ್ತ ನೋಡಿದರು. ನಾನೂ ಅರ್ಧ ಸೇರು ಒಪ್ಪಿಕೊಂಡೆ. ಅವರು ಕಳೆದು ನೋಡಿದರು. ಉಳಿದದ್ದು ಎರಡು ಸೇರು.

“ಮರಳಲ್ಲಿ ಇದ್ದಷ್ಟೂ ಎಣ್ಣೆ ಎಂದೂ ಹೊರಗೆ ಬರುವುದಿಲ್ಲ. ಇನ್ನೂ ಜಾಸ್ತಿಯೇ ಇದೆ.”

ಕಡೆಗೆ ಮಾಲಕರು ಕೆಮ್ಮಿ, ನೆಲ ನೋಡುತ್ತ ಅಂದರು: “ಅರ್ಧಾ ಸೇರು ನಂದು ಅದ.”

ಮರುದಿನ ಏನೂ ಬೆರೆಸದೆ ಮಾಡಿದಾಗ ನ್ಯಾಯವಾಗಿ ಒಂದೂವರೆ ಸೇರು ಬಂತು, ಕೆಲಸ ನಿಲ್ಲಲಿಲ್ಲ. ಆದರೆ ಪರೀಕ್ಷೆಯ ದಿನ ಹೊರಡಲು ಏಳುವಾಗ ತಹಸೀಲ್ದಾರರು ಸಾಹೇಬರ ಕೈ ಹಿಡಿದುಕೊಂಡು ಅಂದದ್ದು ಇಷ್ಟು:

“ಮರಳಿನಾಗಿಂದ ಎಣ್ಣಿ ನಾಳೆ ಯಾರರೆ ತೆಗೀತಾರ್ರಿ. ಈ ಮಾಲಕರ ಕೈಯಾಗಿಂದ ಅರ್ಧಾ ಸೇರು ತೆಗೆಸೀರಲ್ಲ, ಮೊದಲ ಅದನ್ನ ಬರ್ದಿಡ್ರಿ.”